ವಿಚರ್ 3: ಗುಡ್ಡದ ಮರದಲ್ಲಿರುವ ದೆವ್ವವನ್ನು ಬಿಡಲಾ, ಕೊಲ್ಲಲಾ? ಎರಡು ದಿನದಿಂದ ಆಟ ನಿಲ್ಲಿಸಿ ಕೂತಿದ್ದೇನೆ

ಕಾಲು_ಕೆಜಿ_ಕುಂದಾ · ಬೆಳಗಾವಿ

ನಮಸ್ಕಾರ್ರೀ. ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ವಿಚರ್ 3 ಅನ್ನುವ 2015ರ ಕಂಪ್ಯೂಟರ್ ಆಟವನ್ನು ನಾನು ಈಗ ಆಡುತ್ತಿದ್ದೇನೆ. ಆಗ ಮನೆಯಲ್ಲಿದ್ದ ಕಂಪ್ಯೂಟರಿನಲ್ಲಿ ಇಸ್ಪೀಟಿನ ಆಟ ಓಡುವುದೇ ಕಷ್ಟ ಇತ್ತು. ಈಗ ಸಂಬಳ ಬರುತ್ತದೆ, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಬಂದಿದೆ, ಹೊರಗೆ ನಮ್ಮೂರ ಮಳೆ ಬಿಡದೆ ಹೊಡೆಯುತ್ತಿದೆ. ಇನ್ನೇನು ಬೇಕು.

ಆಟದಲ್ಲಿ ನಾವು ಗೆರಾಲ್ಟ್, ದುಡ್ಡಿಗೆ ರಾಕ್ಷಸರನ್ನು ಬೇಟೆಯಾಡುವ ವಿಚರ್. ಸಾಕುಮಗಳು ಸಿರಿಯನ್ನು ಹುಡುಕುತ್ತಾ ವೇಲೆನ್ ಸೀಮೆಯಲ್ಲಿದ್ದೇನೆ. ಆ ಸೀಮೆಯ ಒಡೆಯ ಬ್ಯಾರನ್, ಅವನ ಕೋಟೆಗೆ ಹೋದೆ. ಸಿರಿ ಎಲ್ಲಿ ಹೋದಳು ಅಂತ ಹೇಳಬೇಕಾದರೆ ತನ್ನ ಹೆಂಡತಿ ಅನ್ನಾ, ಮಗಳು ತಮಾರಾ ಇಬ್ಬರನ್ನೂ ಹುಡುಕಿಕೊಡು ಅಂದ. ಹುಡುಕುತ್ತಾ ಹುಡುಕುತ್ತಾ ಕೆಸರು ಕಾಡಿಗೆ ಬಂದೆ. ಅಲ್ಲಿ ಒಂದಿಷ್ಟು ಅನಾಥ ಮಕ್ಕಳು, ಅವರನ್ನು ನೋಡಿಕೊಳ್ಳುವ ಒಬ್ಬ ಅಜ್ಜಿ, ಅವರೆಲ್ಲರ ಮೇಲೆ ಮೂವರು ಮಾಟಗಾತಿ ಮುದುಕಿಯರು. ಆ ಮುದುಕಿಯರ ಮುಖ ನೋಡಿದ ಮೇಲೆ ಊಟ ಸೇರಲಿಲ್ಲ, ಖರೇ ಹೇಳ್ತೀನಿ.

ಅವರು ಕೊಟ್ಟ ಕೆಲಸ: ಡೌನ್‌ವಾರೆನ್ ಹಳ್ಳಿಯ ಹಿರಿಯನನ್ನು ಕಾಣು, ಅಲ್ಲಿನ ಗುಡ್ಡದ ಕಾಟ ಬಿಡಿಸು. ಈಗ ಗುಡ್ಡದ ಗುಹೆಯೊಳಗೆ ನಿಂತಿದ್ದೇನೆ. ಮರದ ಬೇರುಗಳ ನಡುವೆ ಗುಂಡಿಗೆಯ ಹಾಗೆ ಏನೋ ಬಡಿದುಕೊಳ್ಳುತ್ತಿದೆ. ಮಾತಾಡುತ್ತದೆ ಬೇರೆ. 'ನನ್ನನ್ನು ಬಿಡಿಸು. ಇಲ್ಲದಿದ್ದರೆ ಆ ಮುದುಕಿಯರು ಮಕ್ಕಳನ್ನು ತಿಂದುಬಿಡುತ್ತಾರೆ, ನಾನು ಉಳಿಸುತ್ತೇನೆ' ಅನ್ನುತ್ತದೆ. ಹಳ್ಳಿಯವರು ಮಾತ್ರ ಇದೇ ಜನರನ್ನು ಕೊಂದಿರುವುದು ಅನ್ನುತ್ತಾರೆ.

ಯಾರನ್ನು ನಂಬಲಿ? ಕಥೆ ಹೇಳಿಬಿಟ್ಟರೂ ಬೇಜಾರಿಲ್ಲ. ಸುಮ್ನೆ 'ಇದನ್ನು ಒತ್ತು' ಅಂತ ಹೇಳಬೇಡಿ, ಯಾಕೆ ಅಂತಲೂ ಹೇಳಿ.

ಸೇವ್_ಮಾಡಪ್ಪ · ಜಮಖಂಡಿ

ಮೊದಲು ಸೇವ್ ಮಾಡಪ್ಪ.

ಕರದಂಟು_ಕಟ್ · ಗೋಕಾಕ

ಸೇವ್ ಮಾಡಿ ಏನೂ ಪ್ರಯೋಜನ ಇಲ್ಲ. ಈ ಆಟದ ಕುತಂತ್ರವೇ ಅದು. ಬೇರೆ ಆಟಗಳಲ್ಲಿ ಕೆಟ್ಟದ್ದು ಆಯ್ಕೆ ಮಾಡಿದರೆ ಅಲ್ಲೇ ಪರದೆ ಕೆಂಪಾಗುತ್ತದೆ, ಪಾಪದ ಅಂಕ ಏರುತ್ತದೆ, ನೀವು ಹಿಂದೆ ಹೋಗಿ ಒಳ್ಳೆಯದನ್ನು ಒತ್ತುತ್ತೀರಿ. ಇಲ್ಲಿ ಪುಣ್ಯದ ಮೀಟರ್ ಇಲ್ಲವೇ ಇಲ್ಲ. ಇವತ್ತು ಮಾಡಿದ ತಪ್ಪು ಗೊತ್ತಾಗುವುದು ಎಷ್ಟೋ ತಾಸು ಆಟ ಆಡಿದ ಮೇಲೆ. ಅಷ್ಟರಲ್ಲಿ ಹಳೇ ಸೇವ್‌ಗೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಪೋಲೆಂಡಿನ ಆ ಸಿಡಿ ಪ್ರೊಜೆಕ್ಟ್ ರೆಡ್‌ನವರು ಬೇಕಂತಲೇ ಹೀಗೆ ಮಾಡಿದ್ದಾರೆ.

ಗುಮ್ಮಟದ_ಗುಬ್ಬಿ · ವಿಜಯಪುರ

ಕೊಲ್ಲಿ ಸಾಹೇಬ್ರ, ಯೋಚನೆ ಬೇಡ. ದೆವ್ವ ಸಿಹಿಯಾಗಿ ಮಾತಾಡಿದರೆ ಅದರಲ್ಲಿ ಏನೋ ಇದೆ ಅಂತಲೇ ಅರ್ಥ.

ಅದರ ಇಂಗ್ಲಿಷ್ ಹೆಸರೇ 'ಪಿಸುಗುಟ್ಟುವ ಗುಡ್ಡ'. ನಮ್ಮೂರಲ್ಲಿ ಪಿಸುಗುಟ್ಟುವ ಗ್ಯಾಲರಿ ಇದೆಯಲ್ಲ, ಗೋಳಗುಮ್ಮಟದ ಮೇಲೆ. ಆ ಕಡೆ ಗೋಡೆಗೆ ಬಾಯಿ ಇಟ್ಟು ಯಾರೋ ಹೇಳಿದ್ದು ಈ ಕಡೆ ನಿಮ್ಮ ಕಿವಿಯಲ್ಲೇ ಹೇಳಿದ ಹಾಗೆ ಕೇಳುತ್ತದೆ. ಯಾರು ಹೇಳಿದರು ಅಂತ ಮಾತ್ರ ಕಾಣುವುದಿಲ್ಲ. ಆಟದ ಗುಡ್ಡವೂ ಅಷ್ಟೇ.

ರೊಟ್ಟಿ_ಶೇಂಗಾಚಟ್ನಿ · ಅಥಣಿ

ಗುಮ್ಮಟದಲ್ಲಿ ಪಿಸುಮಾತು ಯಾರಿಗ್ರೀ ಕೇಳುತ್ತದೆ? ಹೋದಾಗಲೆಲ್ಲ ಶಾಲೆ ಟ್ರಿಪ್ಪಿನ ಮಕ್ಕಳು ಹೋ ಅಂತ ಕಿರುಚುತ್ತಿರುತ್ತಾರೆ. ಒಂದು ಕಿರುಚಾಟ ಏಳೆಂಟು ಸಲ ವಾಪಸ್ ಬರುತ್ತದೆ. ಕಿವಿ ಮುಚ್ಚಿಕೊಂಡು ಇಳಿದೆ.

ಗುಮ್ಮಟದ_ಗುಬ್ಬಿ · ವಿಜಯಪುರ

ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಹೋಗಬೇಕು. ಹತ್ತು ಗಂಟೆಗೆ ಹೋಗಿ ಗುಮ್ಮಟಕ್ಕೆ ಬೈದರೆ ಹೇಗೆ?

ಖಾನಾಪುರ_ಕಾಡು · ಖಾನಾಪುರ

ಬಿಡಿಸಿ. ನಾನು ಬಿಡಿಸಿದ್ದೇನೆ, ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಕಾರಣ ಒಂದೇ: ಮಕ್ಕಳು. ಇನ್ನೊಂದು ಕಡೆ ಯಾರೇ ಇರಲಿ, ಮಕ್ಕಳನ್ನು ತಿನ್ನುತ್ತಾರೆ ಅಂತ ಗೊತ್ತಿದ್ದೂ ಸುಮ್ಮನಿರಲು ನನ್ನ ಕೈಲಿ ಆಗುವುದಿಲ್ಲ.

ಬಿಡಿಸುವ ದಾರಿ ಹೇಳುತ್ತೇನೆ. ದೆವ್ವ ಮೂರು ಸಾಮಾನು ಕೇಳುತ್ತದೆ: ತನ್ನದೇ ಮೂಳೆಗಳು, ಕಾಡುಕಾಗೆಯ ಗರಿ, ಒಂದು ಕರಿ ಕಾಡುಕುದುರೆ. ಕುದುರೆ ಸುಮ್ಮನೆ ಹತ್ತಿರ ಬರುವುದಿಲ್ಲ, ಆಕ್ಸಿ ಮಂತ್ರ ಹಾಕಿ ಪಳಗಿಸಬೇಕು. ಎಲ್ಲಾ ತಂದು ಗುಡ್ಡದ ಮೇಲೆ ವಿಧಿ ಮಾಡಿದರೆ ದೆವ್ವ ಕುದುರೆಯೊಳಗೆ ಸೇರಿ ಓಡಿಹೋಗುತ್ತದೆ. ನೋಡಲು ಮಸ್ತ್ ಇರುತ್ತದೆ. ಕೊಲ್ಲುವವರಿಗೆ ಆ ದೃಶ್ಯ ಸಿಗುವುದೇ ಇಲ್ಲ, ಪಾಪ.

ಕರದಂಟು_ಕಟ್ · ಗೋಕಾಕ

@ಖಾನಾಪುರ_ಕಾಡು ಅರ್ಧ ಕಥೆ ಹೇಳಿ ನಿಲ್ಲಿಸಿದಿರಲ್ಲ. ಆ ಕುದುರೆ ಎಲ್ಲಿಗೆ ಓಡಿತು ಅಂತಲೂ ಹೇಳಿ.

ಖಾನಾಪುರ_ಕಾಡು · ಖಾನಾಪುರ

ಹಳ್ಳಿಗೆ.

ಕರದಂಟು_ಕಟ್ · ಗೋಕಾಕ

ಹೋಗಿ ಏನು ಮಾಡಿತು?

ಖಾನಾಪುರ_ಕಾಡು · ಖಾನಾಪುರ

ಸರಿ ಸರಿ. ಡೌನ್‌ವಾರೆನ್ ಹಾಳಾಗುತ್ತದೆ. ಜನ ಸಾಯುತ್ತಾರೆ. ಆದರೆ ಅದೇ ಹಳ್ಳಿಯವರು ತಲೆತಲಾಂತರದಿಂದ ಆ ಮುದುಕಿಯರಿಗೆ ನಡೆದುಕೊಂಡವರು ಸ್ವಾಮಿ. ಕೆಲಸ ಮುಗಿದ ಮೇಲೆ ಆ ಹಿರಿಯ ತನ್ನ ಕಿವಿಯನ್ನೇ ಕತ್ತರಿಸಿ ಕಾಣಿಕೆ ಅಂತ ಕಳಿಸುತ್ತಾನೆ! ಕಾಡಿಗೆ ಹೋಗುವ ಮಕ್ಕಳು ಎಲ್ಲಿ ಹೋಗುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲವಾ?

ರೊಟ್ಟಿ_ಶೇಂಗಾಚಟ್ನಿ · ಅಥಣಿ

ಗೊತ್ತಿದ್ದರೆ ಏನು ಮಾಡಬೇಕಿತ್ತು? ಒಂದು ಕಡೆ ಯುದ್ಧ, ಇನ್ನೊಂದು ಕಡೆ ಹಸಿವು. ಸೈನ್ಯದವರು ಬಂದು ಇದ್ದ ಕಾಳು ಬಾಚಿಕೊಂಡು ಹೋಗುತ್ತಾರೆ. ಅಂಥಾ ನೆಲದಲ್ಲಿ ಮಳೆ ಬೆಳೆ ಕೊಡುತ್ತೇವೆ ಅಂದವರಿಗೆ ಜನ ಕೈ ಮುಗಿಯುತ್ತಾರೆ. ಮಳೆ ಬಾರದ ವರ್ಷ ನಮ್ಮ ಕಡೆ ಗುರ್ಜಿಯನ್ನು ತಲೆ ಮೇಲೆ ಹೊತ್ತು ಮನೆಮನೆ ತಿರುಗಿ ನೀರು ಹಾಕಿಸಿಕೊಳ್ಳುವುದಿಲ್ಲವಾ? ನಮ್ಮದು ಸಗಣಿಯ ಗುರ್ಜಿ, ಯಾರ ಕಿವಿಯನ್ನೂ ಕೇಳುವುದಿಲ್ಲ. ಆದರೆ ಒಣ ನೆಲದವನ ಹೊಟ್ಟೆಯ ಭಯ ಒಂದೇ.

ಟೋಪ್_ತೆನಿ · ಇಳಕಲ್

ಕೆರೆಗೆ ನೀರು ಬರಲಿ ಅಂತ ಕಿರಿ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟ ಹಾಡನ್ನು ನಮ್ಮ ಅಜ್ಜಿ ಬೀಸುವಾಗ ಹಾಡುತ್ತಿದ್ದಳು. ಅಲ್ಲೂ ಊರಿಗೆ ನೀರು ಬಂತು. ಅಲ್ಲೂ ಊರಿನವರು ಒಳ್ಳೆಯವರೇ. ಡೌನ್‌ವಾರೆನ್ ನೋಡಿದಾಗ ನನಗೆ ನೆನಪಾಗಿದ್ದು ಅದೇ. ಬೇರೆ ದೇಶದ ಕಥೆ ಅಂತ ಒಂದು ಕ್ಷಣವೂ ಅನಿಸಲಿಲ್ಲ.

ನವನಗರ_47 · ಬಾಗಲಕೋಟೆ

ಊರು ಹೋಗುವ ಮಾತು ಬಂತು ಅಂತ ಹೇಳುತ್ತೇನೆ, ವಿಷಯ ಬಿಟ್ಟು ಹೋದರೆ ಕ್ಷಮಿಸಿ.

ನಮ್ಮ ತಾತನ ಮನೆ ಹಳೇ ಬಾಗಲಕೋಟೆಯಲ್ಲಿ ಇತ್ತು. ಆಲಮಟ್ಟಿ ಹಿನ್ನೀರು ಬಂತು, ನಾವು ನವನಗರದ ಸೆಕ್ಟರ್ ನಂಬರಿಗೆ ಬಂದೆವು. ಓಣಿಗೆ ಹೆಸರಿತ್ತು, ಈಗ ನಂಬರ್ ಇದೆ. ಆ ನೀರಿನಿಂದ ಎಷ್ಟು ಸಾವಿರ ಹೊಲಗಳಿಗೆ ಕಾಲುವೆ ಹೋಯಿತು ಅಂತ ನನಗೂ ಗೊತ್ತು. ವಿಜಯಪುರ ಕಡೆಯ ನನ್ನ ಸೋದರಮಾವ ಅದೇ ನೀರಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಒಂದೇ ಮನೆತನ, ಒಂದು ಕಡೆ ಮುಳುಗಿದೆವು, ಇನ್ನೊಂದು ಕಡೆ ಎದ್ದೆವು. ಅಣೆಕಟ್ಟೆ ಕಟ್ಟಬಾರದಿತ್ತು ಅಂತ ತಾತ ಒಂದು ದಿನವೂ ಹೇಳಲಿಲ್ಲ. ಆದರೆ ಬೇಸಿಗೆಯಲ್ಲಿ ನೀರು ಇಳಿದಾಗ ಬಸ್ ಹತ್ತಿ ಹೋಗಿ ಪಾಯದ ಕಲ್ಲು ನೋಡಿ ಬರುತ್ತಿದ್ದ.

ಅದಕ್ಕೇ ಈ ಆಟದಲ್ಲಿ 'ಹಳ್ಳಿ ಹೋದರೆ ಹೋಗಲಿ, ಮಕ್ಕಳು ಉಳಿದರಲ್ಲ' ಅಂತ ಯಾರಾದರೂ ಹಗುರವಾಗಿ ಬರೆದರೆ ನನಗೆ ಒಂಥರಾ ಆಗುತ್ತದೆ.

ಸೇವ್_ಮಾಡಪ್ಪ · ಜಮಖಂಡಿ

ಈಗ ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಬೇಕು ಅನ್ನುವ ಮಾತಿದೆಯಲ್ಲ, ಆಗ ಇನ್ನೂ ಎಷ್ಟು ಹಳ್ಳಿ

ನಿರ್ವಾಹಕ

ಅಣೆಕಟ್ಟೆಗೆ ಬೇರೆ ಎಳೆ ಇದೆ, ಅಲ್ಲಿ ಹೋಗಿ ಜಗಳ ಆಡಿ. ಇಲ್ಲಿ ಮರದ ದೆವ್ವ ಮಾತ್ರ.

ಕಾಲು_ಕೆಜಿ_ಕುಂದಾ · ಬೆಳಗಾವಿ

ಅಯ್ಯೋ, ಒಂದು ತಾಸು ಊಟಕ್ಕೆ ಹೋಗಿ ಬಂದರೆ ಇಷ್ಟು ದೂರ ಹೋಗಿದ್ದೀರಿ.

ಅಂದರೆ ಬಿಟ್ಟರೆ ಹಳ್ಳಿ ಹೋಗುತ್ತದೆ, ಕೊಂದರೆ ಮಕ್ಕಳು ಹೋಗುತ್ತಾರೆ. ಅಷ್ಟೇನಾ? ಇಷ್ಟಾದರೆ ಮಕ್ಕಳ ಪರ ಹೋಗಬಹುದು ಅನಿಸುತ್ತದೆ. ಪಕ್ಕದಲ್ಲಿ ಕೂತು ಆಟ ಮಾತ್ರ ನೋಡುತ್ತಿರುವ ನನ್ನ ತಂಗಿಯೂ, ಹಳ್ಳಿಯ ವಿಷಯ ಗೊತ್ತಿಲ್ಲದೆಯೇ, ಮಕ್ಕಳ ಪರ.

ಕರದಂಟು_ಕಟ್ · ಗೋಕಾಕ

ಅಷ್ಟೇ ಅಲ್ಲ. ಬ್ಯಾರನ್ ಹೆಂಡತಿ ಅನ್ನಾ ಇದ್ದಾಳಲ್ಲ, ಕಾಡಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆ ಅಜ್ಜಿಯೇ ಅವಳು. ದೆವ್ವ ಬಿಟ್ಟರೆ ಮಕ್ಕಳು ತಪ್ಪಿಸಿಕೊಂಡರು ಅಂತ ಮುದುಕಿಯರಿಗೆ ಸಿಟ್ಟು ಬರುತ್ತದೆ. ಶಿಕ್ಷೆ ಅನ್ನಾಳಿಗೆ. ಶಾಪ ಹಾಕಿ ಅವಳನ್ನು ಕೆಸರಿನ ರಾಕ್ಷಸಿ ಮಾಡುತ್ತಾರೆ. ಅವಳು ಸಾಯುತ್ತಾಳೆ. ಆಮೇಲೆ ಬ್ಯಾರನ್ ತನ್ನ ಕೋಟೆಯ ಅಂಗಳದ ಮರಕ್ಕೆ ನೇಣು ಹಾಕಿಕೊಳ್ಳುತ್ತಾನೆ.

ಕೊಂದರೆ? ಮಕ್ಕಳು ಇಲ್ಲ. ಅನ್ನಾ ಬದುಕುತ್ತಾಳೆ ಆದರೆ ಬುದ್ಧಿ ಸ್ಥಿಮಿತ ತಪ್ಪುತ್ತದೆ. ಬ್ಯಾರನ್ ಕುಡಿತ ಬಿಟ್ಟು ಅವಳನ್ನು ವಾಸಿ ಮಾಡಿಸಲು ದೂರದ ನೀಲಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾನೆ.

ಎರಡೂ ಹಾಳೇ. ಯಾವ ಹಾಳು ಅಂತ ಆರಿಸಿಕೊಳ್ಳಬೇಕು.

ಗುಮ್ಮಟದ_ಗುಬ್ಬಿ · ವಿಜಯಪುರ

ಅದಕ್ಕೇ ನಾನು ಕೊಲ್ಲಿ ಅಂದಿದ್ದು. ಕೊಂದರೆ ಬ್ಯಾರನ್ ಕುಟುಂಬ ಉಳಿಯುತ್ತದೆ. ಅವನು ಸುಧಾರಿಸಿದ ಮನುಷ್ಯ. ಇನ್ನೊಂದು, ಆ ದೆವ್ವ ಆ ಮೂವರು ಮುದುಕಿಯರ ತಾಯಿ. ಮಕ್ಕಳೇ ಅವಳನ್ನು ಕೊಂದು ಮರದಡಿ ಬಂಧಿಸಿದ್ದು. ತಾಯಿ ಮಕ್ಕಳಿಗಿಂತ ಕೆಟ್ಟವಳು.

ಸೇವ್_ಮಾಡಪ್ಪ · ಜಮಖಂಡಿ

ತಾಯಿ ಅಂತ ಆಟ ಎಲ್ಲೂ ಖಡಾಖಂಡಿತವಾಗಿ ಹೇಳುವುದಿಲ್ಲ. ಮೂವರು ಮುದುಕಿಯರ ಬಗ್ಗೆ ಆಟದೊಳಗೇ ಒಂದು ಪುಸ್ತಕ ಸಿಗುತ್ತದೆ, ಅದರಲ್ಲಿ 'ಎಲ್ಲಾ ಬಲ್ಲವಳು' ಅನ್ನುವ ತಾಯಿಯ ಕಥೆ ಇದೆ. ಅವಳು ಹುಚ್ಚಿಯಾಗಿ ಬಲಿ ಕೇಳತೊಡಗಿದಳು, ಹೆಣ್ಣುಮಕ್ಕಳು ಅವಳನ್ನು ಕೊಂದರು ಅಂತ. ಆ ಪುಸ್ತಕ ಮತ್ತು ಗುಡ್ಡ ಎರಡನ್ನೂ ನಾವು ಜೋಡಿಸಿಕೊಳ್ಳುವುದು. ಎಷ್ಟೋ ಜನ ಪುಸ್ತಕ ಓದದೇ ಮುಂದೆ ಹೋಗುತ್ತಾರೆ, ಅದು ಬೇರೆ ಮಾತು.

ಗುಮ್ಮಟದ_ಗುಬ್ಬಿ · ವಿಜಯಪುರ

ಜೋಡಿಸಿದರೆ ಬರುವ ಉತ್ತರ ಒಂದೇ ಅಲ್ವಾ ಮತ್ತೆ. ವಾದಕ್ಕೆ ವಾದ.

ಸೇವ್_ಮಾಡಪ್ಪ · ಜಮಖಂಡಿ

ಊರಲ್ಲಿ ಗಾಳಿಸುದ್ದಿ ಜೋಡಿಸಿದರೂ ಒಂದೇ ಉತ್ತರ ಬರುತ್ತದೆ. ಹಾಗಂತ ನಿಜ ಆಗಿಬಿಡುತ್ತದಾ?

ಟೋಪ್_ತೆನಿ · ಇಳಕಲ್

ತಡೀರಿ. 'ಸುಧಾರಿಸಿದ ಮನುಷ್ಯ' ಅನ್ನುವ ಮಾತಿಗೆ ಬರೋಣ. ನನಗೆ ಸಿಟ್ಟು ಬರುವುದು ಅಲ್ಲೇ.

ಬ್ಯಾರನ್ ಯಾರು? ಯುದ್ಧ ಯುದ್ಧ ಅಂತ ಮನೆ ಬಿಟ್ಟು ತಿರುಗಿದವನು. ವಾಪಸ್ ಬಂದಾಗ ಹೆಂಡತಿ ಇನ್ನೊಬ್ಬನ ಜೊತೆ ಇದ್ದಳು. ಅವನನ್ನು ಕೊಂದ. ಅವಳನ್ನು ಬಲವಂತವಾಗಿ ಮನೆಯಲ್ಲಿ ಇಟ್ಟುಕೊಂಡ. ವರ್ಷಗಟ್ಟಲೆ ಕುಡಿದು ಹೊಡೆದ. ಬಸುರಿಯನ್ನು ಹೊಡೆದ. ಅನ್ನಾ ಮುದುಕಿಯರ ಹತ್ತಿರ ಹೋಗಿದ್ದು ಯಾಕೆ ಅಂತ ಗೊತ್ತಲ್ಲ? ಅವನ ಇನ್ನೊಂದು ಮಗು ತನಗೆ ಬೇಡ ಅಂತ. ಅದಕ್ಕೆ ಬದಲಾಗಿ ಒಂದು ವರ್ಷ ಅವರ ಸೇವೆ ಮಾಡುತ್ತೇನೆ ಅಂತ ಒಪ್ಪಿಕೊಂಡಳು. ಕೈ ಮೇಲಿನ ಆ ಸುಟ್ಟ ಗುರುತು ಅದರದ್ದೇ. ಅಂದರೆ ಗಂಡನ ಮನೆಗಿಂತ ಮನುಷ್ಯರನ್ನು ತಿನ್ನುವವರ ಕೆಸರೇ ವಾಸಿ ಅನಿಸಿತ್ತು ಆಕೆಗೆ.

ಈಗ 'ಒಳ್ಳೆಯ ಅಂತ್ಯ' ಏನು? ಬುದ್ಧಿ ತಪ್ಪಿದ ಅನ್ನಾಳನ್ನು ಅದೇ ಗಂಡ ಗಾಡಿಗೆ ಹತ್ತಿಸಿಕೊಂಡು ಹೋಗುತ್ತಾನೆ. ನಾವು ಕಣ್ಣೀರು ಒರೆಸಿಕೊಂಡು 'ಪಾಪ, ಕುಡಿತ ಬಿಟ್ಟ' ಅನ್ನುತ್ತೇವೆ. ಆಕೆಗೆ ಹೋಗಲು ಇಷ್ಟ ಇತ್ತಾ? ಯಾರೂ ಕೇಳಲಿಲ್ಲ. ಬ್ಯಾರನ್ ಕೇಳಲಿಲ್ಲ, ಮುದುಕಿಯರು ಕೇಳಲಿಲ್ಲ, ಗೆರಾಲ್ಟ್ ಕೂಡ ಕೇಳಲಿಲ್ಲ. ಕೇಳುವ ಒಂದು ಆಯ್ಕೆಯನ್ನು ಆಟವೂ ಇಡಲಿಲ್ಲ.

ಗುಮ್ಮಟದ_ಗುಬ್ಬಿ · ವಿಜಯಪುರ

ಅಕ್ಕಾ, ನೀವು ಹೇಳುವುದು ಸರಿ. ಆದರೆ ಅನ್ನಾ ಕೂಡ ಅವನ ಮೇಲೆ ಚಾಕು ಎತ್ತಿದ್ದಳು, ಮಾತಿನಲ್ಲಿ ಚುಚ್ಚುತ್ತಿದ್ದಳು ಅಂತ

ಟೋಪ್_ತೆನಿ · ಇಳಕಲ್

ಅಂತ ಹೇಳಿದವರು ಯಾರು?

ಗುಮ್ಮಟದ_ಗುಬ್ಬಿ · ವಿಜಯಪುರ

ಬ್ಯಾರನ್.

ಟೋಪ್_ತೆನಿ · ಇಳಕಲ್

ಹಾಂ.

ರೊಟ್ಟಿ_ಶೇಂಗಾಚಟ್ನಿ · ಅಥಣಿ

ಇದಕ್ಕೆ ನಾನು ಒಂದು ಮಾತು ಸೇರಿಸಬೇಕು. ಹೆಸರು ಬೇಡ, ನಮ್ಮ ಓಣಿಯಲ್ಲೇ ಒಬ್ಬರಿದ್ದರು. ಹಗಲು ಬಹಳ ಒಳ್ಳೆಯ ಮನುಷ್ಯ. ನನಗೆ ಸೈಕಲ್ ಕಲಿಸಿದ್ದೇ ಅವರು. ಜಾತ್ರೆಯಲ್ಲಿ ನಮ್ಮ ಮಕ್ಕಳ ದಂಡಿಗೆಲ್ಲ ಮಿಠಾಯಿ ಕೊಡಿಸುತ್ತಿದ್ದರು. ರಾತ್ರಿ ಆ ಮನೆಯಿಂದ ಬರುವ ಸದ್ದಿಗೆ ನಮ್ಮ ಅವ್ವ ರೇಡಿಯೋ ದೊಡ್ಡದು ಮಾಡುತ್ತಿದ್ದಳು. ನಮಗೆ ಕೇಳಿಸಬಾರದು ಅಂತ. ಅವರು ಕೊನೆಗಾಲದಲ್ಲಿ ಕುಡಿತ ಬಿಟ್ಟರು, ಹೆಂಡತಿಗೆ ಲಕ್ವ ಹೊಡೆದಾಗ ಆರು ವರ್ಷ ಸೇವೆ ಮಾಡಿದರು. ಸತ್ತಾಗ ಇಡೀ ಓಣಿ ಅತ್ತಿತು. ನಾನೂ ಅತ್ತೆ.

ಆ ಕಾಕು ಮಾತ್ರ ಅಳಲಿಲ್ಲ.

ಬ್ಯಾರನ್‌ನನ್ನು ನೋಡಿದಾಗ ನನಗೆ ಅವರೇ ಕಾಣುತ್ತಾರೆ. ಪಾಪ ಅನಿಸುತ್ತದೆ, ಕ್ಷಮಿಸಲು ನಾನು ಯಾರು ಅಂತಲೂ ಅನಿಸುತ್ತದೆ. ಎರಡೂ ಒಟ್ಟಿಗೇ.

ನವನಗರ_47 · ಬಾಗಲಕೋಟೆ

ರೇಡಿಯೋ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಬ್ಯಾರನ್ ಕಥೆಯಲ್ಲಿ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಗುಡ್ಡ ಅಲ್ಲ, ಅದಕ್ಕೂ ಮುಂಚೆ ಬರುವ ಆ ಕೂಸು. ಹೊಟ್ಟೆಯಲ್ಲೇ ಹೋದ ಮಗುವನ್ನು ಹೆಸರಿಡದೆ ಹೂತಿರುತ್ತಾನೆ, ಅದು ಪಿಶಾಚಿ ಆಗಿ ಬಂದಿರುತ್ತದೆ. ಕೊಂದು ಅದರ ರಕ್ತ ಒಯ್ದು ಮಂತ್ರವಾದಿಗೆ ಕೊಡಬಹುದು. ಅಥವಾ ಬ್ಯಾರನ್ ಕೈಯಲ್ಲೇ ಅದನ್ನು ಎತ್ತಿಸಿಕೊಂಡು ಕೋಟೆಯವರೆಗೆ ನಡೆಸಬಹುದು. ದಾರಿಯುದ್ದಕ್ಕೂ ಅದು ಹೊರಳಾಡುತ್ತದೆ, ನೀವು ಆಕ್ಸಿ ಹಾಕಿ ಸಮಾಧಾನ ಮಾಡುತ್ತಾ ಬರಬೇಕು. ಕೊನೆಗೆ ಹೊಸ್ತಿಲ ಕೆಳಗೆ ಹೂತು, ಡೇಯಾ ಅಂತ ಹೆಸರಿಟ್ಟು, ನೀನು ನನ್ನ ಮಗಳು ಅಂತ ಒಪ್ಪಿಕೊಳ್ಳಬೇಕು. ಆಗ ಆ ಪಿಶಾಚಿ ಮನೆ ಕಾಯುವ ದೈವವಾಗುತ್ತದೆ.

ಪೋಲೆಂಡಿನವರಿಗೆ ನಮ್ಮ ಹೊಸ್ತಿಲು ಹೇಗೆ ಗೊತ್ತಾಯಿತು ಅಂತ ಆಶ್ಚರ್ಯ ಆಯಿತು.

ಟೋಪ್_ತೆನಿ · ಇಳಕಲ್

ಅವರಿಗೆ ಅವರದ್ದೇ ಹೊಸ್ತಿಲು ಇದೆ. ಆ ಪಿಶಾಚಿಗೆ ಪೋಲಿಷ್‌ನಲ್ಲಿ 'ಪೊರೋನ್ಯೆತ್ಸ್' ಅಂತ ಹೆಸರು, ಗರ್ಭಪಾತ ಅನ್ನುವ ಮಾತಿನಿಂದಲೇ ಬಂದದ್ದು. ಆ ಕಡೆಯ ಹಳ್ಳಿ ನಂಬಿಕೆಯಿಂದ ತೆಗೆದುಕೊಂಡಿದ್ದಾರೆ. ಆದರೆ ನಿಮಗೆ ಹಾಗೆ ಅನಿಸಿದ್ದು ನನಗೆ ಅರ್ಥ ಆಗುತ್ತದೆ. ನಮ್ಮಲ್ಲಿ ಹೊಸ್ತಿಲ ಮೇಲೆ ಕೂತರೆ ಬೈಯುತ್ತಾರೆ, ದಿನಾ ಅರಿಶಿನ ಕುಂಕುಮ ಹಚ್ಚುತ್ತಾರೆ. ಸಣ್ಣ ಕೂಸು ಹೋದರೆ ಸುಡುವ ಮನೆತನದವರೂ ಅದನ್ನು ಹೂಳುತ್ತಾರೆ. ಆ ಕೂಸಿನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಾನು ಬ್ಯಾರನ್‌ಗೆ ಮನ್ನಣೆ ಕೊಡುವುದು ಆ ಒಂದು ನಡಿಗೆಗೆ ಮಾತ್ರ. ಕೂಸನ್ನು ಎತ್ತಿಕೊಳ್ಳುವಾಗ ಅವನ ಕೈ ನಡುಗುತ್ತದೆ. ಓಡಿಹೋಗುವುದಿಲ್ಲ.

ಖಾನಾಪುರ_ಕಾಡು · ಖಾನಾಪುರ

ಕೂಸನ್ನು ನಾನು ಕೊಂದುಬಿಟ್ಟೆ ಮೊದಲ ಸಲ. ಹೆದರಿ ಗುಂಡಿ ಒತ್ತಿದೆ. ಹನ್ನೊಂದು ಗಂಟೆ ರಾತ್ರಿ, ಹೆಡ್‌ಫೋನ್ ಹಾಕಿದ್ದೆ, ಅದು ಕಿರುಚಿತು, ಅದೇ ಹೊತ್ತಿಗೆ ಕರೆಂಟ್ ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಬೆಳಗ್ಗೆಯೇ ಬರುವುದು. ಹೊರಗೆ ಕಪ್ಪೆ, ಒಳಗೆ ನಾನು. ನಿದ್ದೆ ಎಲ್ಲಿಂದ ಬರಬೇಕು.

ಸೇವ್_ಮಾಡಪ್ಪ · ಜಮಖಂಡಿ

ಅದಕ್ಕೇ ಹೇಳುವುದು, ಸೇವ್ ಮಾಡಪ್ಪ ಅಂತ.

ಕರದಂಟು_ಕಟ್ · ಗೋಕಾಕ

ಇನ್ನೊಂದು ಉಪಯುಕ್ತ ಮಾತು. ದೆವ್ವವನ್ನು ಬಿಟ್ಟರೆ ಆಮೇಲೆ ಕೆಸರು ಕಾಡಿಗೆ ವಾಪಸ್ ಹೋಗುವ ಭಾಗ ಬರುತ್ತದೆ. ಬ್ಯಾರನ್ ತನ್ನ ಜನ ಕರೆದುಕೊಂಡು, ತಮಾರಾ ತಾನು ಸೇರಿಕೊಂಡ, ಮಾಟಗಾತಿಯರನ್ನು ಬೇಟೆಯಾಡುವವರನ್ನು ಕರೆದುಕೊಂಡು ಬರುತ್ತಾರೆ. ಅಪ್ಪ ಮಗಳು ಅಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆಮೇಲೆ ಮುದುಕಿಯರ ನೆಲಮಾಳಿಗೆಯಲ್ಲಿ ಒಂದಿಷ್ಟು ಗೊಂಬೆಗಳು ಸಿಗುತ್ತವೆ, ಅದರಲ್ಲಿ ಅನ್ನಾಳ ಗೊಂಬೆ ಯಾವುದು ಅಂತ ಸರಿಯಾಗಿ ಆರಿಸಬೇಕು. ನೇರಳೆ ಹೂವು ಇರುವ ಗೊಂಬೆ. ನೆನಪಿಡಿ, ನೇರಳೆ. ತಪ್ಪಿದರೆ ಅವಳು ರಾಕ್ಷಸಿಯಾಗಿಯೇ ಒದ್ದಾಡಿ ಸಾಯುತ್ತಾಳೆ. ಸರಿಯಾದರೆ ಮತ್ತೆ ಮನುಷ್ಯಳಾಗಿ ಗಂಡನ ಜೊತೆ, ಮಗಳ ಜೊತೆ ಎರಡು ಮಾತಾಡಿ ಸಾಯುತ್ತಾಳೆ.

ನವನಗರ_47 · ಬಾಗಲಕೋಟೆ

ಗೊಂಬೆ ಅಂದಾಗ ಗುಳ್ಳವ್ವ ನೆನಪಾಯಿತು. ಆಷಾಢದ ಮಂಗಳವಾರ ಅಕ್ಕ ಮಣ್ಣಿನ ಗುಳ್ಳವ್ವ ಮಾಡಿ ಗುಲಗಂಜಿ ಅಂಟಿಸುತ್ತಿದ್ದಳು. ಯಾವುದು ಯಾರ ಗುಳ್ಳವ್ವ ಅಂತ ಅವಳಿಗೆ ಮಾತ್ರ ಗೊತ್ತಾಗುತ್ತಿತ್ತು. ಅವಳನ್ನು ಆ ನೆಲಮಾಳಿಗೆಗೆ ಕಳಿಸಿದರೆ ಒಂದೇ ಏಟಿಗೆ ಆರಿಸುತ್ತಿದ್ದಳು.

ಗುಮ್ಮಟದ_ಗುಬ್ಬಿ · ವಿಜಯಪುರ

ಇಷ್ಟೆಲ್ಲಾ ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿಸುತ್ತೇನೆ. ಬ್ಯಾರನ್ ಒಳ್ಳೆಯವನು ಅನ್ನುವ ಮಾತು ವಾಪಸ್ ತೆಗೆದುಕೊಂಡೆ. ದೆವ್ವವನ್ನು ಕೊಲ್ಲಿ ಅನ್ನುವುದು ಮಾತ್ರ ವಾಪಸ್ ಇಲ್ಲ. ಅದನ್ನು ಬಿಟ್ಟರೆ ಇವತ್ತು ಡೌನ್‌ವಾರೆನ್, ನಾಳೆ ಯಾವ ಹಳ್ಳಿಯೋ. ಆ ಲೆಕ್ಕ ಆಟ ತೋರಿಸುವುದಿಲ್ಲ, ಆದರೆ ಕುದುರೆ ಏನು ಹುಲ್ಲು ತಿಂದುಕೊಂಡು ಇರುತ್ತದಾ?

ಖಾನಾಪುರ_ಕಾಡು · ಖಾನಾಪುರ

ಮುದುಕಿಯರು ಮಾತ್ರ ಹುಲ್ಲು ತಿಂದುಕೊಂಡು ಇರುತ್ತಾರಾ? ದೆವ್ವವನ್ನು ಕೊಂದರೆ ಅವರಿಗೆ ಎದುರಾಳಿಯೇ ಇಲ್ಲ. ನೀವು ಅವರ ಬಾಡಿಗೆ ಗೂಂಡಾ ಆದಿರಿ ಅಷ್ಟೇ.

ಗುಮ್ಮಟದ_ಗುಬ್ಬಿ · ವಿಜಯಪುರ

ವಿಚರ್ ಅಂದರೇ ಬಾಡಿಗೆಗೆ ಕೆಲಸ ಮಾಡುವವನು. ದುಡ್ಡು ತಗೊಂಡ, ರಾಕ್ಷಸನನ್ನು ಕೊಂದ. ಊರ ಉದ್ಧಾರ ಅವನ ಕೆಲಸ ಅಲ್ಲ.

ಸೇವ್_ಮಾಡಪ್ಪ · ಜಮಖಂಡಿ

ಪಂಪ್‌ಸೆಟ್ ರಿಪೇರಿಯವನ ಹಾಗೆ. ನೀರು ಬಂತಾ, ದುಡ್ಡು ಕೊಡಿ. ಬೆಳೆ ಒಣಗಿದರೆ ನನ್ನ ಕೇಳಬೇಡಿ.

ರೊಟ್ಟಿ_ಶೇಂಗಾಚಟ್ನಿ · ಅಥಣಿ

ನಮ್ಮೂರ ಪಂಪ್‌ಸೆಟ್‌ನವನು ನೀರು ಬಾರದಿದ್ದರೂ ದುಡ್ಡು ಕೇಳುತ್ತಾನೆ.

ಟೋಪ್_ತೆನಿ · ಇಳಕಲ್

ಇಂಥ ಆಟಕ್ಕೆ ಕನ್ನಡದಲ್ಲಿ ಅಡಿಬರಹ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ನಮ್ಮ ಅವ್ವನಿಗೆ ಈ ಕಥೆಯನ್ನು ರೊಟ್ಟಿ ಬಡಿಯುತ್ತಿರುವಾಗ ಪೂರ್ತಿ ಹೇಳಿದ್ದೇನೆ. ಕೇಳಿ ಅವಳು ಹೇಳಿದ್ದು: 'ಆ ಮಗಳೇ ಶ್ಯಾಣ್ಯಾ, ಮೊದಲೇ ಮನೆ ಬಿಟ್ಟಳು.' ತಮಾರಾ ಬಗ್ಗೆ. ನಾವು ಯಾರೂ ಇಷ್ಟು ಹೊತ್ತು ಆ ಹುಡುಗಿಯ ಬಗ್ಗೆ ಯೋಚನೆಯೇ ಮಾಡಲಿಲ್ಲ ನೋಡಿ.

ನವನಗರ_47 · ಬಾಗಲಕೋಟೆ

ಶ್ಯಾಣ್ಯಾ ಹೌದು, ಆದರೆ ಹೋಗಿ ಸೇರಿದ್ದು ಎಲ್ಲಿ? ಮನುಷ್ಯರನ್ನು ಸುಡುವ ಮತದವರ ಜೊತೆ. ಅಪ್ಪನ ಸಿಟ್ಟನ್ನು ಬಿಟ್ಟು ಬರಲಿಲ್ಲ, ಅದಕ್ಕೆ ಬೇರೆ ಸಮವಸ್ತ್ರ ಹಾಕಿಕೊಂಡಳು.

ಟೋಪ್_ತೆನಿ · ಇಳಕಲ್

ಹೌದು. ಇದನ್ನು ಅವ್ವನಿಗೆ ಹೇಳಿರಲಿಲ್ಲ.

ಕಾಲು_ಕೆಜಿ_ಕುಂದಾ · ಬೆಳಗಾವಿ

ಎರಡು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ನಿಮ್ಮೆಲ್ಲರ ಮಾತು ಓದಿ ತಲೆ ಗಿರ್ ಅಂತು. ಮಕ್ಕಳು ಬೇಕು, ಹಳ್ಳಿ ಬೇಕು, ಅನ್ನಾ ಬೇಕು. ಮೂರೂ ಸಿಗುವ ಗುಂಡಿ ಇಲ್ಲ. ಕೊನೆಗೆ ತಂಗಿಯ ಕೈಗೆ ಮೌಸ್ ಕೊಟ್ಟೆ. ಅವಳು ನಿಮ್ಮ ಒಂದೂ ಮಾತು ಓದಿರಲಿಲ್ಲ, ಓದಲು ನಾನೂ ಬಿಡಲಿಲ್ಲ. ಮಕ್ಕಳು ಅಂದಳು, ಬಿಟ್ಟಳು. ಅಷ್ಟೇ ಹೊತ್ತು.

ಕುದುರೆ ಓಡುವುದು ನೋಡಿ ಚಪ್ಪಾಳೆ ತಟ್ಟಿದಳು. ನಾನು ಏನೂ ಹೇಳಲಿಲ್ಲ. ಮರುದಿನ ಆಟದಲ್ಲಿ ಬೇರೆ ಯಾವುದೋ ಕೆಲಸಕ್ಕೆ ಹೋಗುತ್ತಾ ಅವಳೇ ಡೌನ್‌ವಾರೆನ್ ಕಡೆ ತಿರುಗಿಸಿದಳು. ಊರಲ್ಲಿ ಯಾರೂ ಇಲ್ಲ. 'ಇವರೆಲ್ಲ ಎಲ್ಲಿ ಹೋದರು?' ಅಂತ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಖಾಲಿ ಮನೆಗಳ ನಡುವೆ ಗೆರಾಲ್ಟ್‌ನನ್ನು ಸುಮ್ಮನೆ ನಡೆಸಿದಳು, ಓಡಿಸಲಿಲ್ಲ. ಆಮೇಲೆ 'ನಿನಗೆ ಗೊತ್ತಿತ್ತಾ?' ಅಂದಳು. ಗೊತ್ತಿತ್ತು ಅಂದೆ. ಅವತ್ತು ರಾತ್ರಿ ಊಟಕ್ಕೆ ನನ್ನ ಪಕ್ಕ ಕೂರಲಿಲ್ಲ.

ಗೊಂಬೆ ನಾನೇ ಆರಿಸಿದೆ. ನೇರಳೆ. @ಕರದಂಟು_ಕಟ್ ನಿಮಗೆ ಒಂದು ಕೆಜಿ ಕುಂದಾ ಬಾಕಿ. ಅನ್ನಾ ಮನುಷ್ಯಳಾಗಿಯೇ ಹೋದಳು. ಬ್ಯಾರನ್ ಅವಳ ಪಕ್ಕ ಕೂತಿದ್ದ. ಟೋಪ್_ತೆನಿ ಅವರ ಮಾತು ತಲೆಯಲ್ಲಿ ಇತ್ತಲ್ಲ, ಅದಕ್ಕೆ ನಾನು ಬ್ಯಾರನ್ ಮುಖ ನೋಡಲೇ ಇಲ್ಲ, ಅವಳನ್ನೇ ನೋಡುತ್ತಿದ್ದೆ. ಆಮೇಲೆ ಕೋಟೆಗೆ ಹೋದೆ. ಮರ ಕಂಡಿತು. ಒಂದು ನಿಮಿಷ ನಿಂತೆ.

ಖಾನಾಪುರ_ಕಾಡು · ಖಾನಾಪುರ

ತಂಗಿಗೆ ಹೇಳಿ, ಮಕ್ಕಳು ಉಳಿದರು ಅಂತ.

ಕಾಲು_ಕೆಜಿ_ಕುಂದಾ · ಬೆಳಗಾವಿ

ಹೇಳಿದೆ. 'ಅದನ್ನೂ ನೀನೇ ಹೇಳಬೇಕಾ?' ಅಂದಳು.

ಇನ್ನೊಂದು ಪ್ರಶ್ನೆ, ಬೈಯಬೇಡಿ. ಇಷ್ಟೆಲ್ಲಾ ಗದ್ದಲದಲ್ಲಿ ಬ್ಯಾರನ್ ಜೊತೆ ಗ್ವೆಂಟ್ ಇಸ್ಪೀಟು ಆಡುವುದು ಮರೆತೇ ಹೋಯಿತು. ಅವನ ಹತ್ತಿರ ಒಂದು ಒಳ್ಳೆಯ ಕಾರ್ಡ್ ಇತ್ತಂತೆ. ಅದು ಹೋಯಿತಾ?

ಸೇವ್_ಮಾಡಪ್ಪ · ಜಮಖಂಡಿ

ಹೋಗಿಲ್ಲ. ಅವನ ಕೋಣೆಯಲ್ಲೇ ಇರುತ್ತದೆ. ಹೋಗಿ ಎತ್ತಿಕೊಳ್ಳಿ.

ಕಾಲು_ಕೆಜಿ_ಕುಂದಾ · ಬೆಳಗಾವಿ

ಸಿಕ್ಕಿತು. ಹಿಂದೆ ನಿಂತು ನೋಡುತ್ತಿದ್ದ ತಂಗಿ 'ಸತ್ತವರ ಮನೆಯಲ್ಲಿ ಕಳ್ಳತನ' ಅಂತ ಬೈದಳು. ಪರವಾಗಿಲ್ಲ, ಮಾತಾಡಿದಳಲ್ಲ.